ಹತ್ತುವ ಬೇನೆ, ಹಬ್ಬುವ ಬೇನೆ

ನಮ್ಮ ಸೀಮೆಯ ಆಡುಮಾತಿನಲ್ಲಿ ರೋಗವನ್ನು ಕುರಿತು ಎರಡು ಕ್ರಿಯಾಪದಗಳಿವೆ. ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಬೇನೆ ‘ಹತ್ತುತ್ತದೆ’. ಒಂದೇ ದೇಹದೊಳಗೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವ ಬೇನೆ ‘ಹಬ್ಬುತ್ತದೆ’. ಕಜ್ಜಿ ಹತ್ತುತ್ತದೆ, ಹುಣ್ಣು ಹಬ್ಬುತ್ತದೆ. ಹಿರಿಯರು ಈ ವ್ಯತ್ಯಾಸವನ್ನು ತಿಳಿದೇ ಮಾತನಾಡುತ್ತಿದ್ದರು. ಆಸ್ಪತ್ರೆಯ ಭಾಷೆ, ಪತ್ರಿಕೆಯ ಭಾಷೆ ಹಳ್ಳಿಗೆ ಬಂದ ಮೇಲೆ ಈ ಎರಡರ ಸ್ಥಾನದಲ್ಲಿಯೂ ‘ಹರಡುವುದು’ ಎಂಬ ಒಂದೇ ಶಬ್ದ ಬಂದು ನೆಲೆಸಿದೆ. “ಕ್ಯಾನ್ಸರ್ ಹರಡಿದೆ” ಎಂದು ವೈದ್ಯರು ಹೇಳುವಾಗ ಅವರ ಮನಸ್ಸಿನಲ್ಲಿರುವುದು ದೇಹದೊಳಗಿನ ಸಂಗತಿ. ಕೇಳುವವರ ಮನಸ್ಸಿಗೆ ಹೊಳೆಯುವುದು ಮನೆಯೊಳಗಿನ ಸಂಗತಿ. ವೈದ್ಯರು ಗಡ್ಡೆಯ ಮಾತನ್ನಾಡಿದರೆ ಮನೆಯವರು ತಟ್ಟೆ ಲೋಟಗಳನ್ನು ಬೇರೆ ಮಾಡುತ್ತಾರೆ.

ಶಬ್ದಾರ್ಥದ ಈ ಗೊಂದಲವು ವ್ಯಾಕರಣ ಪಾಠದ ವಿಷಯವಾಗಿದ್ದರೆ ನಾವು ಇದನ್ನು ಪಾಠಶಾಲೆಯ ಮಕ್ಕಳ ಮುಂದೆ ಆಡಿ ಮುಗಿಸುತ್ತಿದ್ದೆವು. ಆದರೆ ಇದರಿಂದ ಮನೆಗಳು ಒಡೆಯುವುದನ್ನು ಕಂಡಿದ್ದೇವೆ. ಆದುದರಿಂದ ಈ ತಿಂಗಳು ಯಕೃತ್ತಿನ ಅರ್ಬುದ ರೋಗವನ್ನು ಕುರಿತು, ಅದು ಹೇಗೆ ಹುಟ್ಟುತ್ತದೆ, ಹೇಗೆ ಹಬ್ಬುತ್ತದೆ, ಅದರಲ್ಲಿ ಹತ್ತುವಂಥದ್ದು ಯಾವುದು, ಹತ್ತದಿರುವುದು ಯಾವುದು ಎಂಬುದನ್ನು ಕುರಿತು ಬರೆಯಬೇಕೆನ್ನಿಸಿತು. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನೂ ಓದಿದ ನಮಗೆ ವೈದ್ಯವಿಜ್ಞಾನವು ಹುಟ್ಟೂರಲ್ಲ. ಮಠದ ಪ್ರಸಾದ ನಿಲಯದಲ್ಲಿದ್ದು ಓದಿ ಇಂದು ವೈದ್ಯರಾಗಿರುವ ಒಬ್ಬರು ನಮ್ಮ ಪ್ರಶ್ನೆಗಳಿಗೆ ಹಲವು ಸಂಜೆಗಳನ್ನು ಕೊಟ್ಟು, ಓದಲು ಗ್ರಂಥಗಳನ್ನು ತಂದಿತ್ತು, ಈ ದಾರಿಯಲ್ಲಿ ಕೈಹಿಡಿದು ನಡೆಸಿದರು. ಗುರುವಿನ ಪಾತ್ರ ಅವರದಾಗಿತ್ತು, ಶಿಷ್ಯರ ಪಾತ್ರ ನಮ್ಮದು.

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೋಗುವ ಭಾಗದ ಒಂದು ಹಳ್ಳಿ. ಅಲ್ಲಿಯ ಒಬ್ಬ ಭಕ್ತರು, ತೊಗರಿ ಮತ್ತು ಜೋಳ ಬೆಳೆಯುವ ರೈತರು, ವಯಸ್ಸು ನಲವತ್ತೈದರ ಆಸುಪಾಸು. ಬಲಗಡೆಯ ಪಕ್ಕೆಲುಬಿನ ಕೆಳಗೆ ಭಾರ, ಊಟ ಸೇರದು, ಮೈ ಇಳಿಯಿತು. ಮೊದಲು ಕಲಬುರಗಿ, ಅನಂತರ ಹೈದರಾಬಾದು. ಯಕೃತ್ತಿನಲ್ಲಿ ಗಡ್ಡೆಯಿದೆ, ರಕ್ತನಾಳದೊಳಕ್ಕೂ ಹೊಕ್ಕಿದೆ, “ಹರಡಿದೆ” ಎಂಬ ವರದಿಯೊಂದಿಗೆ ಅವರು ಊರಿಗೆ ಮರಳಿದರು. ಎಂಟು ದಿನಗಳಲ್ಲಿ ಆ ಶಬ್ದ ಊರೆಲ್ಲ ತಿರುಗಿತು. ಅಣ್ಣನ ಮನೆಯವರು ತಮ್ಮ ಮಕ್ಕಳನ್ನು ಅವರ ಹತ್ತಿರ ಬಿಡಲಿಲ್ಲ. ಮಠದ ದಾಸೋಹದ ಪಂಕ್ತಿಯಲ್ಲಿ ಅವರ ಎಡಕ್ಕೂ ಬಲಕ್ಕೂ ಒಂದೊಂದು ಎಲೆಯ ಜಾಗ ಖಾಲಿ ಉಳಿದುದನ್ನು ನಾವು ಕಣ್ಣಾರೆ ಕಂಡೆವು. ಪ್ರಸಾದವಾದ ಮೇಲೆ ಅವರು ಒಳಗೆ ಬಂದು ಕೇಳಿದರು: “ಅಪ್ಪಾರೆ, ಈ ಬ್ಯಾನಿ ಹತ್ತತದೇನ್ರಿ? ಹತ್ತೋದಿದ್ರ ಹೇಳ್ರಿ, ನಾ ಹೊಲದಾಗ ಜೋಪಡಿ ಹಾಕೊಂಡು ಇರ್ತೀನ್ರಿ.”

ಸಾವಿನ ಭಯಕ್ಕಿಂತ ಮಕ್ಕಳಿಗೆ ತಾನು ವಿಷವಾದೇನೆಂಬ ಭಯವೇ ಆ ಮುಖದಲ್ಲಿತ್ತು. ಆ ರಾತ್ರಿಯೇ ವೈದ್ಯರನ್ನು ಕರೆಯಿಸಿದೆವು. ಮರುದಿನ ಆ ಮನೆಯವರೆಲ್ಲ ಮಠದ ಪಡಸಾಲೆಯಲ್ಲಿ ಕುಳಿತರು. ಅಂದು ಮತ್ತು ಅನಂತರದ ದಿನಗಳಲ್ಲಿ ನಾವು ಕೇಳಿ ತಿಳಿದದ್ದೇ ಈ ಲೇಖನದ ಸಾರ.

ಮೊದಲನೆಯ ಮಾತು: ಅರ್ಬುದವು ಹತ್ತುವ ರೋಗವಲ್ಲ. ಒಬ್ಬರ ಗಡ್ಡೆಯ ಜೀವಕೋಶವು ಮುಟ್ಟುವುದರಿಂದ, ಉಸಿರಿನಿಂದ, ಒಂದೇ ತಟ್ಟೆಯ ಊಟದಿಂದ ಇನ್ನೊಬ್ಬರಲ್ಲಿ ಬೇರೂರಲಾರದು. ಒಂದು ದೇಹದ ಜೀವಕೋಶವನ್ನು ಇನ್ನೊಂದು ದೇಹವು ಪರಕೀಯವೆಂದು ಗುರುತಿಸಿ ನಾಶಪಡಿಸುತ್ತದೆ. ಎರಡನೆಯ ಮಾತು: ಯಕೃತ್ತಿನ ಅರ್ಬುದಕ್ಕೆ ಬೀಜವಾಗುವ ಒಂದು ವೈರಾಣು ಮಾತ್ರ ಹತ್ತುತ್ತದೆ. ಅದರ ಹೆಸರು ಹೆಪಟೈಟಿಸ್ ಬಿ. ಈ ಎರಡು ಮಾತುಗಳನ್ನು ಒಟ್ಟಿಗೆ ಹೇಳಿದರೆ ಜನರು ಎರಡನೆಯದನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆ. ಆದುದರಿಂದ ಮೂರನೆಯದನ್ನೂ ಕೂಡಲೇ ಸೇರಿಸಬೇಕು. ಆ ವೈರಾಣುವೂ ಸಹಪಂಕ್ತಿ ಭೋಜನದಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮಿನಿಂದ, ಒಂದೇ ಕೊಡದ ನೀರಿನಿಂದ ಹತ್ತುವುದಿಲ್ಲ. ಅದು ರಕ್ತದಿಂದ, ಗಂಡ ಹೆಂಡಿರ ಸಂಗದಿಂದ, ಹೆರಿಗೆಯ ಸಮಯದಲ್ಲಿ ತಾಯಿಯಿಂದ ಶಿಶುವಿಗೆ ದಾಟುತ್ತದೆ. ಶುದ್ಧಮಾಡದ ಸೂಜಿ, ಒಬ್ಬರಿಂದೊಬ್ಬರಿಗೆ ಹೋಗುವ ಕ್ಷೌರದ ಕತ್ತಿ, ಜಾತ್ರೆಯಲ್ಲಿ ಹಚ್ಚೆ ಹಾಕುವವನ ಸೂಜಿ, ಪರೀಕ್ಷಿಸದ ರಕ್ತ ಇವೇ ಅದರ ವಾಹನಗಳು. ದೇಹದ ಹೊರಗೆ, ಒಣಗಿದ ರಕ್ತದಲ್ಲಿಯೂ ಅದು ಕನಿಷ್ಠ ಏಳು ದಿನ ಬದುಕಬಲ್ಲದು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಈ ರೋಗ ಸ್ಫೋಟಿಸಿ ಹಲವರು ಪ್ರಾಣ ತೆತ್ತರು.

ಈ ವೈರಾಣುವಿನ ಗುರುತು ಸಿಕ್ಕ ಬಗೆಯೂ ಸ್ವಾರಸ್ಯಕರ. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಅವರು ರೋಗವನ್ನು ಹುಡುಕಹೊರಟವರಲ್ಲ. ಜನಾಂಗ ಜನಾಂಗಗಳ ರಕ್ತದಲ್ಲಿರುವ ಭೇದಗಳನ್ನು ಅಭ್ಯಾಸ ಮಾಡುತ್ತಿದ್ದಾಗ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ವಿಚಿತ್ರವಾದ ಒಂದು ಪ್ರೋಟೀನು ಕಂಡುಬಂತು. 1965ರಲ್ಲಿ ಪ್ರಕಟವಾದ ಆ ಸಂಗತಿಯೇ ಮುಂದೆ ಹೆಪಟೈಟಿಸ್ ಬಿ ವೈರಾಣುವಿನ ಹೊರಕವಚವೆಂದು ತಿಳಿಯಿತು. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅವರ ಜನ್ಮದಿನವಾದ ಜುಲೈ 28ನ್ನು ಇಂದು ವಿಶ್ವ ಹೆಪಟೈಟಿಸ್ ದಿನವೆಂದು ಆಚರಿಸುತ್ತಾರೆ.

ವಯಸ್ಕರಿಗೆ ಈ ಸೋಂಕು ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನರ ದೇಹವು ಅದನ್ನು ಹೊರಹಾಕುತ್ತದೆ. ಆದರೆ ಹುಟ್ಟುವಾಗಲೇ ತಗುಲಿದ ಶಿಶುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಕ್ಕಳಲ್ಲಿ ಅದು ಜೀವನಪರ್ಯಂತ ಉಳಿಯುತ್ತದೆ. ಶಿಶುವಿನ ರೋಗನಿರೋಧಕ ಶಕ್ತಿಗೆ ತನ್ನವರು ಯಾರು, ಪರರು ಯಾರು ಎಂಬ ವಿವೇಕ ಇನ್ನೂ ಬಲಿತಿರುವುದಿಲ್ಲ. ಬಂದ ಅತಿಥಿಯನ್ನು ಮನೆಯವನೆಂದೇ ಬಗೆದು ಅದು ಸುಮ್ಮನಾಗುತ್ತದೆ. ಮೂವತ್ತು, ನಲವತ್ತು ವರ್ಷ ಯಾವ ಲಕ್ಷಣವೂ ಇಲ್ಲ. ಆಳು ಗಟ್ಟಿಮುಟ್ಟು, ಕಾಯಕದಲ್ಲಿ ಮುಂದು. ನಮ್ಮ ರೈತ ಭಕ್ತರ ವಿಷಯದಲ್ಲಿಯೂ ಹಾಗೆಯೇ. ಹಿಂದೆ ಎಂದೋ ರಕ್ತದಾನ ಮಾಡಿದಾಗ ಯಾರೋ “ನಿಮ್ಮ ರಕ್ತ ಬ್ಯಾಡ” ಎಂದಷ್ಟೇ ಹೇಳಿ ಕಳುಹಿದ್ದರಂತೆ. ಏಕೆ ಬೇಡವೆಂಬುದನ್ನು ಅವರು ತಿಳಿಸಿ ಹೇಳಲಿಲ್ಲ, ಇವರಿಗೆ ಕೇಳಬೇಕೆಂದು ತೋಚಲಿಲ್ಲ. ಅಂದು ಐದು ನಿಮಿಷದ ಮಾತು ನಡೆದಿದ್ದರೆ ಮುಂದಿನ ಕಥೆ ಬೇರೆಯಾಗುವ ಸಂಭವವಿತ್ತು.

ಇನ್ನು ವೈರಾಣುವಿನಿಂದ ಅರ್ಬುದ ಹುಟ್ಟುವ ಬಗೆ. ಯಕೃತ್ತು ಒಂದೂವರೆ ಕಿಲೋದಷ್ಟು ತೂಗುವ, ಮೌನವಾಗಿ ದುಡಿಯುವ ಅಂಗ. ಉಂಡ ಅನ್ನದ ಸಾರವನ್ನು ಹೊತ್ತ ರಕ್ತವು ಕರುಳಿನಿಂದ ಪೋರ್ಟಲ್ ಅಭಿಧಮನಿಯ ಮೂಲಕ ನೇರವಾಗಿ ಇಲ್ಲಿಗೆ ಬರುತ್ತದೆ. ಯಕೃತ್ತಿಗೆ ಬರುವ ರಕ್ತದ ಮುಕ್ಕಾಲು ಪಾಲು ಈ ಮಾರ್ಗದ್ದು. ಮೂರನೆಯ ಎರಡು ಭಾಗ ಕತ್ತರಿಸಿ ತೆಗೆದರೂ ಮತ್ತೆ ಬೆಳೆದು ತುಂಬಿಕೊಳ್ಳುವ ಶಕ್ತಿ ಇದಕ್ಕಿದೆ. ಆ ಶಕ್ತಿಯೇ ಸಂಕಟಕ್ಕೂ ಎಡೆಗೊಡುತ್ತದೆ. ವೈರಾಣು ಸೇರಿದ ಜೀವಕೋಶಗಳನ್ನು ದೇಹದ ರಕ್ಷಣಾ ಪಡೆ ಆಗಾಗ ಕೊಲ್ಲುತ್ತದೆ. ಸತ್ತವುಗಳ ಸ್ಥಾನದಲ್ಲಿ ಹೊಸವು ಹುಟ್ಟುತ್ತವೆ. ಹುಟ್ಟುವಾಗಲೆಲ್ಲ ಡಿಎನ್‌ಎ ಎಂಬ ಜೀವಲಿಪಿಯನ್ನು ನಕಲು ಮಾಡಬೇಕು. ದಶಕಗಳ ಕಾಲ ನಕಲು ನಡೆದರೆ ತಪ್ಪುಗಳು ಸೇರದಿರುವುದೆಂತು? ತಾಳೆಗರಿಯ ಪ್ರತಿಗಳನ್ನು ಮಾಡಿದವರಿಗೆ ಲಿಪಿಕಾರನ ಸ್ಖಾಲಿತ್ಯ ಹೇಗೆ ಒಂದು ಪ್ರತಿಯಿಂದ ಇನ್ನೊಂದಕ್ಕೆ ಇಳಿಯುತ್ತದೆಂಬುದು ಗೊತ್ತು. ಇದರ ಜೊತೆಗೆ ವೈರಾಣುವು ತನ್ನ ಲಿಪಿಯ ತುಂಡುಗಳನ್ನೇ ನಮ್ಮ ಜೀವಲಿಪಿಯ ನಡುವೆ ಸೇರಿಸಿಬಿಡುತ್ತದೆ. ಜೀವಕೋಶಕ್ಕೆ ಅಮರತ್ವ ಕೊಡುವ ಟರ್ಟ್ ಎಂಬ ವಂಶವಾಹಿಯ ಬಳಿ ಇಂತಹ ತುಂಡುಗಳು ಮತ್ತೆ ಮತ್ತೆ ಕಂಡುಬಂದಿವೆ. ಮುಪ್ಪಾಗಿ ಸಾಯಬೇಕಾದ ಜೀವಕೋಶ ಸಾಯುವುದನ್ನೇ ಮರೆಯುತ್ತದೆ. ಅತ್ತ, ಗಾಯ ಮಾಯಿಸಲು ಬಂದ ನಾರಿನ ಜೀವಕೋಶಗಳು ಕಲೆಯ ಮೇಲೆ ಕಲೆ ಕಟ್ಟಿ ಮೆತ್ತಗಿನ ಯಕೃತ್ತನ್ನು ಗಂಟುಗಂಟಾಗಿ ಬಿಗಿಯುತ್ತವೆ. ಅದಕ್ಕೆ ಸಿರೋಸಿಸ್ ಎಂದು ಹೆಸರು. ಯಕೃತ್ತಿನ ಅರ್ಬುದಗಳಲ್ಲಿ ಬಹುಪಾಲು ಇಂತಹ ನೆಲದಲ್ಲಿಯೇ ಮೊಳೆಯುತ್ತವೆ. ಆದರೆ ಹೆಪಟೈಟಿಸ್ ಬಿ ಸಿರೋಸಿಸ್ ಇಲ್ಲದೆಯೂ ಅರ್ಬುದವನ್ನು ತರಬಲ್ಲದು.

ವೈರಾಣುವೊಂದೇ ಕಾರಣವಲ್ಲ. 1989ರಲ್ಲಿ ಪತ್ತೆಯಾದ ಹೆಪಟೈಟಿಸ್ ಸಿ, ಮದ್ಯ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನೊಂದಿಗೆ ಬರುವ ಕೊಬ್ಬಿದ ಯಕೃತ್ತು ಇವೂ ಅದೇ ಊರಿಗೆ ಹೋಗುವ ದಾರಿಗಳು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಕುಡಿತ ನಿಲ್ಲಲಿಲ್ಲ, ಶೀಸೆಯ ಮೇಲಿನ ಚೀಟಿ ಬದಲಾಯಿತು ಅಷ್ಟೇ. ಇನ್ನೊಂದು ಕಾರಣ ನಮ್ಮ ಕಣಜದಲ್ಲಿಯೇ ಇದೆ. ತೇವ ಉಳಿದ ಶೇಂಗಾ, ಮೆಕ್ಕೆಜೋಳಗಳ ಮೇಲೆ ಹುಟ್ಟುವ ಹಸಿರು ಮಿಶ್ರಿತ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಸುರಿಸುತ್ತದೆ. 1974ರ ಕೊನೆಯಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನುಂಡು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು. ಅದರ ಕಾರಣವನ್ನು ಶೋಧಿಸಿದವರು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು. ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲಿಯೇ 1995ರಲ್ಲಿ ಅಕಾಲದ ಮಳೆಗೆ ಸಿಕ್ಕ ಜೋಳವನ್ನುಂಡವರು ಬೇರೊಂದು ಬೂಷ್ಟಿನ ವಿಷದಿಂದ ಹೊಟ್ಟೆನೋವು, ಭೇದಿಗಳಿಂದ ನರಳಿದರು. ಅಫ್ಲಾಟಾಕ್ಸಿನ್ನಿನ ಹೆಜ್ಜೆಗುರುತು ಅಣುವಿನ ಮಟ್ಟದಲ್ಲಿಯೂ ಸಿಕ್ಕಿದೆ. ಕೆಟ್ಟ ಜೀವಕೋಶವನ್ನು ತಡೆದು ನಿಲ್ಲಿಸುವ ಪಿ53 ಎಂಬ ಕಾವಲು ವಂಶವಾಹಿಯಲ್ಲಿ 249ನೆಯ ಸಂಕೇತದ ಒಂದೇ ಒಂದು ಅಕ್ಷರವನ್ನು ಅದು ಬದಲಿಸುತ್ತದೆಂದು ಚೀನಾ ಮತ್ತು ಆಫ್ರಿಕಾದ ರೋಗಿಗಳ ಗಡ್ಡೆಗಳಿಂದ 1991ರಲ್ಲಿ ತಿಳಿದುಬಂತು. ಒಂದಕ್ಷರ ತಪ್ಪಿದರೆ ಅರ್ಥವೇ ಕೆಡುವುದೆಂದು ನಮಗೆ ಬಾಲ್ಯದಲ್ಲಿ ಕಲಿಸಿದ ಪಂಡಿತರು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು.

ಈಗ ‘ಹಬ್ಬುವ’ ಮಾತಿಗೆ ಬರೋಣ. ಗಡ್ಡೆಯೊಂದು ಇದ್ದಲ್ಲಿಯೇ ಇದ್ದರೆ ಶಸ್ತ್ರವೈದ್ಯರು ಕತ್ತರಿಸಿ ತೆಗೆಯಬಹುದು. ಸಾವನ್ನು ತರುವುದು ಅದರ ಸಂಚಾರ. ಆರೋಗ್ಯವಂತ ಜೀವಕೋಶಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಬಸವಕಲ್ಯಾಣದ ಕೋಟೆಯ ಕಲ್ಲುಗಳ ನಡುವಣ ಗಚ್ಚಿನಂತೆ ಇವುಗಳ ನಡುವೆಯೂ ಒಂದು ಅಂಟು ಇದೆ. ಅದರ ಹೆಸರು ಇ-ಕ್ಯಾಡ್‌ಹೆರಿನ್. ಈ ಬಗೆಯ ಪ್ರೋಟೀನುಗಳನ್ನು ಗುರುತಿಸಿದವರು ಜಪಾನಿನ ಮಸತೋಶಿ ತಾಕೆಯಿಚಿ. ಆ ಅಂಟಿಗೆ ಒಳಗಿನಿಂದ ಆಧಾರವಾಗಿ ನಿಂತಿರುವುದು ಬೀಟಾ-ಕೆಟನಿನ್ ಎಂಬ ಇನ್ನೊಂದು ಪ್ರೋಟೀನು. ಇದಕ್ಕೆ ಎರಡು ಉದ್ಯೋಗ. ಗೋಡೆಯ ಬಳಿ ಇದ್ದಾಗ ನೆರೆಯವರನ್ನು ಬಂಧಿಸುತ್ತದೆ. ಲೆಕ್ಕ ತಪ್ಪಿ ಶೇಖರವಾಗಿ ಜೀವಕೋಶದ ಕೇಂದ್ರವನ್ನು ಹೊಕ್ಕರೆ ‘ಬೆಳೆ, ಬೆಳೆ’ ಎಂದು ಆಜ್ಞೆ ಹೊರಡಿಸುತ್ತದೆ. ಯಕೃತ್ತಿನ ಅರ್ಬುದಗಳಲ್ಲಿ ಇದರ ವಂಶವಾಹಿ ಕೆಟ್ಟಿರುವುದು ಮೇಲಿಂದ ಮೇಲೆ ಕಾಣುವ ಸಂಗತಿ.

ಗಚ್ಚು ಸಡಿಲವಾಗುವುದು ಹೇಗೆ? ಇಲ್ಲಿ ಟಿಜಿಎಫ್-ಬೀಟಾ ಎಂಬ ಅಣುವಿನ ಪಾತ್ರ ದೊಡ್ಡದು. ಯಕೃತ್ತು ಸ್ವಸ್ಥವಾಗಿರುವಾಗ ಇದು ಹಿರಿಯನಂತೆ ಜೀವಕೋಶಗಳ ಅತಿಯಾದ ಬೆಳವಣಿಗೆಯನ್ನು ತಡೆಯುತ್ತದೆ. ರೋಗ ಬಲಿತ ಮೇಲೆ ಅರ್ಬುದದ ಜೀವಕೋಶಗಳು ಆ ತಡೆಗೆ ಕಿವುಡಾಗುತ್ತವೆ. ಅದೇ ಅಣುವಿನ ಇನ್ನೊಂದು ಮಾತಿಗೆ ಮಾತ್ರ ಕಿವಿಗೊಡುತ್ತವೆ. ಆಗ ಸ್ನೇಲ್, ಟ್ವಿಸ್ಟ್ ಎಂಬ ನಿಯಂತ್ರಕಗಳು ಎಚ್ಚೆತ್ತು ಅಂಟಿನ ಉತ್ಪತ್ತಿಯನ್ನು ನಿಲ್ಲಿಸುತ್ತವೆ. ಗೂಡಿನಲ್ಲಿ ಸ್ಥಿರವಾಗಿದ್ದ ಜೀವಕೋಶ ಉದ್ದವಾಗಿ, ನುಣುಚುವ ಸ್ವಭಾವವನ್ನು ಪಡೆದು ಅಲೆಮಾರಿಯಾಗುತ್ತದೆ. ಇದು ಅರ್ಬುದವು ಹೊಸದಾಗಿ ಕಂಡುಹಿಡಿದ ವಿದ್ಯೆಯಲ್ಲ. ತಾಯಿಯ ಗರ್ಭದಲ್ಲಿ ಭ್ರೂಣವು ರೂಪುಗೊಳ್ಳುವಾಗ ಜೀವಕೋಶಗಳು ಇದೇ ರೀತಿ ಸಡಿಲಗೊಂಡು ತಮ್ಮ ತಮ್ಮ ಸ್ಥಾನಗಳಿಗೆ ಸಾಗುತ್ತವೆ. ಕಟ್ಟಲೆಂದು ಇದ್ದ ವಿದ್ಯೆ ಇಲ್ಲಿ ಕೆಡವುವ ಕೆಲಸಕ್ಕೆ ಬಳಕೆಯಾಗುತ್ತದೆ.

ಸಡಿಲಗೊಂಡ ಜೀವಕೋಶವು ಎಂಎಂಪಿ ಎಂಬ ಕಿಣ್ವಗಳನ್ನು ಸುರಿಸಿ ಸುತ್ತಲಿನ ಪೊರೆಯನ್ನು ಕರಗಿಸುತ್ತದೆ. ಅತ್ತ ಬೆಳೆಯುತ್ತಿರುವ ಗಡ್ಡೆಯ ಒಡಲಿಗೆ ಪ್ರಾಣವಾಯು ಸಾಲದಾಗುತ್ತದೆ. ಆಗ ಹಿಫ್ ಎಂಬ ಪ್ರೋಟೀನು ಜಾಗೃತವಾಗಿ, ವಿಇಜಿಎಫ್ ಎಂಬ ಸಂದೇಶವನ್ನು ಕಳುಹಿ, ಹೊಸ ರಕ್ತನಾಳಗಳನ್ನು ತನ್ನೆಡೆಗೆ ಕರೆಸಿಕೊಳ್ಳುತ್ತದೆ. ಗಡ್ಡೆಯು ರಕ್ತನಾಳಗಳನ್ನು ಬರಮಾಡಿಕೊಂಡೇ ಬೆಳೆಯುತ್ತದೆಂದು ಜೂಡಾ ಫೋಕ್‌ಮನ್ ಎಂಬ ವೈದ್ಯರು 1971ರಲ್ಲಿ ಹೇಳಿದಾಗ ಹಲವರು ಒಪ್ಪಿರಲಿಲ್ಲ. ಪ್ರಾಣವಾಯುವಿನ ಕೊರತೆಯನ್ನು ಜೀವಕೋಶವು ಅರಿಯುವ ಬಗೆಯನ್ನು ಬಿಡಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಹೊಸ ನಾಳಗಳು ಅವಸರದ ಕಟ್ಟಡ. ಅವುಗಳ ಗೋಡೆ ಸೋರುತ್ತದೆ. ಅಲ್ಲಿಂದ ನುಸುಳಿದ ಜೀವಕೋಶಗಳು ಮೊದಲು ಪೋರ್ಟಲ್ ಅಭಿಧಮನಿಯ ಕವಲುಗಳನ್ನು ಹೊಕ್ಕು ಯಕೃತ್ತಿನ ಬೇರೆ ಭಾಗಗಳಲ್ಲಿಯೇ ನೆಲೆಸುತ್ತವೆ. ಅನಂತರ ಶ್ವಾಸಕೋಶ, ಎಲುಬು, ಮೂತ್ರಪಿಂಡದ ಮೇಲಿನ ಗ್ರಂಥಿಗಳಿಗೆ ಸಾಗುತ್ತವೆ. ನಮ್ಮ ಭಕ್ತರ ವರದಿಯಲ್ಲಿದ್ದ “ಹರಡಿದೆ” ಎಂಬ ಮಾತಿನ ಅರ್ಥ ಇಷ್ಟೇ: ಅವರದೇ ರಕ್ತನಾಳದಲ್ಲಿ, ಅವರದೇ ಜೀವಕೋಶಗಳು, ಅವರದೇ ದೇಹದ ಮೇರೆಯೊಳಗೆ.

ಹೊರಟ ಬೀಜಗಳೆಲ್ಲ ಮೊಳೆಯುವುದಿಲ್ಲ. 1889ರಲ್ಲಿ ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯರು ಅರ್ಬುದ ಹಬ್ಬುವುದನ್ನು ಬೀಜ ಮತ್ತು ನೆಲದ ಸಂಬಂಧಕ್ಕೆ ಹೋಲಿಸಿದರು. ಎರೆಭೂಮಿಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಕ್ತವನ್ನು ಸೇರಿದ ಅರ್ಬುದದ ಜೀವಕೋಶಗಳಲ್ಲಿ ಅತ್ಯಲ್ಪ ಭಾಗ ಮಾತ್ರ ಉಳಿದು ಹೊಸ ಗಡ್ಡೆಯಾಗುತ್ತದೆಂದು ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ 1970ರಲ್ಲಿ ಐಸಯ ಫಿಡ್ಲರ್ ತೋರಿಸಿದರು. ಉಳಿದವನ್ನು ರಕ್ತದ ರಭಸವೂ ದೇಹದ ರಕ್ಷಣಾ ಪಡೆಯೂ ಕೊಲ್ಲುತ್ತವೆ. ಬದುಕುಳಿದವು ಪಿಡಿ-ಎಲ್1 ಎಂಬ ಸುಳ್ಳು ಮುದ್ರೆಯನ್ನು ಮೈಮೇಲೆ ಧರಿಸಿ, ತಾವು ಮನೆಯವರೆಂದು ತೋರಿಸಿ ಕಾವಲುಗಾರರನ್ನು ಮಲಗಿಸುತ್ತವೆ.

ಈ ಅರಿವಿನಿಂದಲೇ ಔಷಧಗಳು ಹುಟ್ಟಿದವು. ರಕ್ತನಾಳದ ಕರೆಯನ್ನು ತಡೆಯುವ ಸೊರಾಫೆನಿಬ್ ಎಂಬ ಮಾತ್ರೆಯು ಮುಂದುವರಿದ ಯಕೃತ್ತಿನ ಅರ್ಬುದದಲ್ಲಿ ಆಯುಷ್ಯವನ್ನು ಸುಮಾರು 8 ತಿಂಗಳಿನಿಂದ 10.7 ತಿಂಗಳಿಗೆ ಏರಿಸಿತೆಂದು 2008ರಲ್ಲಿ ಪ್ರಕಟವಾಯಿತು. ಮೂರು ತಿಂಗಳೇ ಎಂದು ಹಗುರವಾಗಿ ನುಡಿಯಬಾರದು. ಮಗಳ ಮದುವೆಯನ್ನು ಕಾಣಲು ಅಷ್ಟೇ ಬೇಕಾದವರಿದ್ದಾರೆ. ಆದರೆ ಒಂದು ತಿಂಗಳ ಮಾತ್ರೆಗೆ ಬೇಯರ್ ಕಂಪನಿಯ ಬೆಲೆ ಸುಮಾರು 2,80,000 ರೂಪಾಯಿ. 2012ರ ಮಾರ್ಚಿನಲ್ಲಿ ಭಾರತ ಸರ್ಕಾರದ ಪೇಟೆಂಟ್ ಕಚೇರಿಯು ದೇಶದ ಮೊದಲ ಕಡ್ಡಾಯ ಪರವಾನಗಿಯನ್ನು ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕೊಟ್ಟಿತು. ಬೆಲೆ 8,800 ರೂಪಾಯಿಗೆ ಇಳಿಯಿತು. 2020ರಲ್ಲಿ ಸುಳ್ಳು ಮುದ್ರೆಯನ್ನು ಕಳಚುವ ಒಂದು ಔಷಧವನ್ನೂ ರಕ್ತನಾಳದ ಸಂದೇಶವನ್ನು ತಡೆಯುವ ಇನ್ನೊಂದನ್ನೂ ಕೂಡಿಸಿ ಕೊಟ್ಟಾಗ, ಒಂದು ವರ್ಷದ ಅನಂತರ ನೂರಕ್ಕೆ 67 ರೋಗಿಗಳು ಬದುಕಿದ್ದರು. ಸೊರಾಫೆನಿಬ್ ಪಡೆದವರಲ್ಲಿ ಆ ಸಂಖ್ಯೆ 55. ಇದು ನಿಜವಾದ ಮುನ್ನಡೆ. ಆದರೂ ಲೋಕದಲ್ಲಿ 2022ರಲ್ಲಿ ಈ ರೋಗ ಹೊಸದಾಗಿ ಕಂಡವರು ಸುಮಾರು 8 ಲಕ್ಷ 66 ಸಾವಿರ, ಸತ್ತವರು ಸುಮಾರು 7 ಲಕ್ಷ 58 ಸಾವಿರ. ಈ ಎರಡು ಸಂಖ್ಯೆಗಳ ನಡುವಣ ಅಂತರ ಎಷ್ಟು ಕಿರಿದೆಂಬುದನ್ನು ಗಮನಿಸಿದರೆ, ಯುದ್ಧವನ್ನು ಎಲ್ಲಿ ಹೂಡಬೇಕೆಂಬುದು ತಿಳಿಯುತ್ತದೆ. ಹಬ್ಬಿದ ಮೇಲೆ ಅಲ್ಲ, ಹತ್ತುವ ಮೊದಲು.

ಪಡಸಾಲೆಯಲ್ಲಿ ಇಷ್ಟೆಲ್ಲ ನಡೆದಾಗ ರೋಗಿಯ ತಾಯಿ ಕಂಬಕ್ಕೆ ಒರಗಿ ಕುಳಿತಿದ್ದರು. ಎಪ್ಪತ್ತು ದಾಟಿದ ಹಿರಿಯ ಜೀವ. ಮನೆಯವರೆಲ್ಲರ ರಕ್ತ ಪರೀಕ್ಷೆಯಾಯಿತು. ಹೆಂಡತಿಯಲ್ಲಿ ಸೋಂಕಿಲ್ಲ, ಮಕ್ಕಳಲ್ಲಿಲ್ಲ. ಅಣ್ಣನಲ್ಲಿ ಇತ್ತು. ತಾಯಿಯಲ್ಲಿಯೂ ಇತ್ತು. ಯಾರನ್ನು ದೂರವಿಡಬೇಕೆಂದು ಅಣ್ಣನ ಮನೆಯವರು ಎಣಿಸಿದ್ದರೋ ಅವರಲ್ಲಿದ್ದ ವೈರಾಣು ಅಣ್ಣನ ದೇಹದಲ್ಲಿಯೂ ಅಷ್ಟೇ ಕಾಲದಿಂದ ವಾಸವಾಗಿತ್ತು. ವರದಿಯನ್ನು ಕೇಳಿದ ತಾಯಿ ಬಹಳ ಹೊತ್ತು ಸುಮ್ಮನಿದ್ದು ನಮ್ಮ ಕಡೆ ತಿರುಗಿದರು: “ಹಂಗಾದ್ರ ನನ್ನ ಮಗಗ ನಾನೇ ಕೊಟ್ಟಂಗಾಯ್ತಲ್ರೀ ಅಪ್ಪಾ?”

ಶಾಸ್ತ್ರ ಓದಿದವರಿಗೆ ಉತ್ತರಗಳು ಬಹಳ. ಆದರೆ ಆ ಪ್ರಶ್ನೆಯ ಮುಂದೆ ಕರ್ಮಸಿದ್ಧಾಂತವನ್ನು ಹೇಳುವುದು ಕ್ರೌರ್ಯವಾಗುತ್ತಿತ್ತು. ನಾವು ಹೇಳಿದ್ದು ಇಷ್ಟು: “ತಾಯಿ, ಕೊಡುವವರಿಗೆ ತಾವು ಏನು ಕೊಡುತ್ತಿದ್ದೇವೆಂಬುದು ತಿಳಿದಿರಬೇಕು, ಆಗ ಮಾತ್ರ ಅದು ಕೊಟ್ಟದ್ದು. ನಿಮಗೂ ಅದು ತಿಳಿಯದೆ ಬಂದದ್ದು. ನೀವು ಹೆತ್ತ ಕಾಲದಲ್ಲಿ ಇದನ್ನು ತಡೆಯುವ ಸೂಜಿ ಈ ದೇಶದ ಯಾವ ಹೆರಿಗೆ ಮನೆಯಲ್ಲಿಯೂ ಇರಲಿಲ್ಲ.” ಅವರಿಗೆ ಸಮಾಧಾನವಾಯಿತೆಂದು ನಾವು ಹೇಳಲಾರೆವು. ಸ್ವಲ್ಪ ಹೊತ್ತಿನ ಮೇಲೆ ಅವರು ವೈದ್ಯರನ್ನು ಕೇಳಿದ ಎರಡನೆಯ ಪ್ರಶ್ನೆ ಮಾತ್ರ ನಮ್ಮನ್ನು ಬೆರಗುಗೊಳಿಸಿತು. ದೊಡ್ಡ ಮಗನ ಸೊಸೆ ಬಸುರಿ. ಆ ಕೂಸಿಗೆ ಸೂಜಿ ಈಗ ಸಿಗುತ್ತದೆಯೇ ಎಂದು ಅವರು ಕೇಳಿದರು.

ಸಿಗುತ್ತದೆ. ಅದರ ಕಥೆಯನ್ನು ಪ್ರತಿಯೊಂದು ಮನೆಯೂ ತಿಳಿದಿರಬೇಕು. ತೈವಾನ್ ದೇಶವು 1984ರಲ್ಲಿ ನವಜಾತ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಲು ಆರಂಭಿಸಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಯಕೃತ್ತಿನ ಅರ್ಬುದವು ಲಕ್ಷಕ್ಕೆ 0.70ರಿಂದ 0.36ಕ್ಕೆ ಇಳಿದುದು 1997ರಲ್ಲಿ ಪ್ರಕಟವಾಯಿತು. ಲಸಿಕೆಯಿಂದ ಅರ್ಬುದವನ್ನು ತಡೆಯಬಹುದೆಂಬುದಕ್ಕೆ ಅದು ಮೊದಲ ಪ್ರಮಾಣ. ಅದೇ 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಭಾರತದ್ದೇ ಆದ ಲಸಿಕೆಯನ್ನು ತಂದಿತು. ಆಮದಾಗುತ್ತಿದ್ದ ದುಬಾರಿ ಲಸಿಕೆಯ ಬೆಲೆ ಸಾಮಾನ್ಯರ ಕೈಗೆ ಎಟಕುವಷ್ಟು ಇಳಿಯಿತು. 2007–08ರಲ್ಲಿ ಈ ಲಸಿಕೆಯನ್ನು ಸಾರ್ವತ್ರಿಕ ಕಾರ್ಯಕ್ರಮಕ್ಕೆ ಸೇರಿಸಿಕೊಂಡ ಹತ್ತು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2011ರಲ್ಲಿ ಅದು ದೇಶಕ್ಕೆಲ್ಲ ವ್ಯಾಪಿಸಿತು. ಹುಟ್ಟಿದ 24 ಗಂಟೆಗಳೊಳಗೆ ಮೊದಲ ಸೂಜಿ, ಅನಂತರ 6, 10, 14 ವಾರಗಳಲ್ಲಿ ಐದು ರೋಗಗಳ ಕೂಡುಲಸಿಕೆಯೊಂದಿಗೆ ಉಳಿದವು. ಮೊದಲ ಸೂಜಿಯೇ ಮುಖ್ಯ. ತಾಯಿಯಿಂದ ಬಂದ ವೈರಾಣು ಬೇರೂರುವ ಮೊದಲೇ ಅದು ಶಿಶುವಿನ ರಕ್ಷಣೆಗೆ ನಿಲ್ಲಬೇಕು. ನಾಳೆ ಹಾಕಿಸಿದರಾಯಿತು ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ.

ಈಗಾಗಲೇ ಸೋಂಕಿರುವವರೂ ನಿರಾಶರಾಗಬೇಕಿಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತ. ಟೆನೊಫೊವಿರ್ ಎಂಬ ದಿನಕ್ಕೊಂದು ಮಾತ್ರೆಯು ವೈರಾಣುವನ್ನು ಹತ್ತಿಕ್ಕಿ ಅರ್ಬುದದ ಸಂಭವವನ್ನು ತಗ್ಗಿಸುತ್ತದೆ. ಬೇರು ಕೀಳಲಾರದು, ಆದ್ದರಿಂದ ವೈದ್ಯರು ಹೇಳದೆ ನಿಲ್ಲಿಸಬಾರದು. ಹೆಪಟೈಟಿಸ್ ಸಿ ರೋಗವಂತೂ ಕೆಲವೇ ತಿಂಗಳ ಮಾತ್ರೆಗಳಿಂದ ಬಹುತೇಕ ಎಲ್ಲರಲ್ಲಿಯೂ ಪೂರ್ಣವಾಗಿ ಗುಣವಾಗುತ್ತದೆ. ಸೋಂಕಿನ ಜೊತೆಗೆ ಸಿರೋಸಿಸ್ ಇರುವವರು, ಮನೆತನದಲ್ಲಿ ಈ ಅರ್ಬುದ ಕಂಡವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಂಡರೆ ಗಡ್ಡೆಯು ಚಿಕ್ಕದಿರುವಾಗಲೇ ಸಿಕ್ಕಿ ತೆಗೆಯಲು ಬರುತ್ತದೆ.

ಕಾಮಣಿಗೆ ನಮ್ಮ ಭಾಗದಲ್ಲಿ ನಡೆಯುವ ಚಿಕಿತ್ಸೆಗಳನ್ನು ಕುರಿತೂ ಒಂದು ಮಾತು. ಮೂಗಿನಲ್ಲಿ ರಸ ಹಿಂಡುವುದು, ಕೈಗೆ ಬರೆ ಹಾಕುವುದು, ದಾರ ಕಟ್ಟುವುದು ಇಂದಿಗೂ ನಿಂತಿಲ್ಲ. ಕೆಲವು ಬಗೆಯ ಕಾಮಣಿ ತಾನಾಗಿಯೇ ಇಳಿಯುತ್ತದೆ. ಕೀರ್ತಿ ದಾರಕ್ಕೆ ಸಲ್ಲುತ್ತದೆ. ಒಳಗೆ ಉಳಿದ ವೈರಾಣುವನ್ನು ಯಾರೂ ಕೇಳುವುದಿಲ್ಲ. ನೆಲನೆಲ್ಲಿಯ ವಿಷಯದಲ್ಲಿ ವಿಜ್ಞಾನವು ತಿರಸ್ಕಾರ ತೋರಲಿಲ್ಲವೆಂಬುದನ್ನು ತಿಳಿಯಬೇಕು. ಮದ್ರಾಸಿನ ವಿಜ್ಞಾನಿಗಳು ಬ್ಲಂಬರ್ಗರೊಡನೆ ಸೇರಿ ಅದನ್ನು ಪರೀಕ್ಷಿಸಿ, 37 ಸೋಂಕಿತರಲ್ಲಿ 22 ಜನರ ರಕ್ತದಿಂದ ವೈರಾಣುವಿನ ಗುರುತು ಮಾಯವಾಯಿತೆಂದು 1988ರಲ್ಲಿ ಪ್ರಕಟಿಸಿದರು. ಲೋಕವೆಲ್ಲ ಕುತೂಹಲದಿಂದ ನೋಡಿತು. ಆದರೆ ಬೇರೆ ಕಡೆಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲ ದೊರೆಯಲಿಲ್ಲ. ಪರೀಕ್ಷೆಗೆ ಒಡ್ಡಿ, ಬಂದ ಫಲವನ್ನು ಒಪ್ಪಿಕೊಳ್ಳುವುದೇ ಸತ್ಯದ ದಾರಿ. ಅದು ನೆಲನೆಲ್ಲಿಗೂ ಸರಿ, ವಿದೇಶದ ಮಾತ್ರೆಗೂ ಸರಿ.

ನಮ್ಮ ರೈತ ಭಕ್ತರು ಹತ್ತು ತಿಂಗಳು ಬದುಕಿದರು. ಜೋಪಡಿಯಲ್ಲಿ ಅಲ್ಲ, ಮನೆಯಲ್ಲಿ, ಮಕ್ಕಳ ನಡುವೆ. ಪಡಸಾಲೆಯ ಆ ದಿನದ ಮರುದಿನ ದಾಸೋಹದಲ್ಲಿ ಅವರ ಬಲಕ್ಕೆ ನಾವು ಕುಳಿತೆವು. ಎಡಕ್ಕೆ ಅವರ ಅಣ್ಣ ತಾವಾಗಿಯೇ ಬಂದು ಕುಳಿತರು. ಒಂದೇ ಪಂಕ್ತಿಯ ಊಟವನ್ನು ಬಾಳಿನ ನಿಯಮವಾಗಿ ಕಂಡ ಕಲ್ಯಾಣದ ನೆಲದಲ್ಲಿ, ಒಂದು ತಪ್ಪು ಶಬ್ದದ ಕಾರಣದಿಂದ ಯಾರ ಪಕ್ಕದ ಎಲೆಯೂ ಖಾಲಿ ಉಳಿಯಬಾರದು. ಅಣ್ಣ ಈಗ ದಿನವೂ ಮಾತ್ರೆ ತೆಗೆದುಕೊಳ್ಳುತ್ತಾರೆ, ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತಾರೆ.

ಈ ಪುಟಗಳನ್ನು ಓದುವ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಗಳಲ್ಲಿ ಶಿಕ್ಷಕರಿದ್ದೀರಿ, ಗ್ರಾಮ ಪಂಚಾಯಿತಿಯ ಸದಸ್ಯರಿದ್ದೀರಿ, ವೈದ್ಯರಿದ್ದೀರಿ. ನಿಮ್ಮ ಮನೆಯವರೆಲ್ಲರಿಗೆ ಒಮ್ಮೆ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿರಿ. ಸೋಂಕಿಲ್ಲದವರಿಗೆ ಲಸಿಕೆ ಹಾಕಿಸಿರಿ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಮಕ್ಕಳ ಕೈಗೆ ಹಚ್ಚೆ ಹಾಕಿಸುವ ಮುನ್ನ ಸೂಜಿ ಹೊಸದೇ ಎಂದು ಕೇಳಿರಿ. ಕ್ಷೌರಕ್ಕೆ ಹೊಸ ಬ್ಲೇಡನ್ನೇ ಬಳಸಿರಿ. ಶೇಂಗಾವನ್ನು ಚೆನ್ನಾಗಿ ಒಣಗಿಸಿ ಕಣಜಕ್ಕೆ ತುಂಬಿರಿ; ಬೂಷ್ಟು ಹಿಡಿದುದನ್ನು ದನಕ್ಕೂ ಹಾಕದಿರಿ. ಆಸ್ಪತ್ರೆಯಲ್ಲಿ “ಹರಡಿದೆ” ಎಂಬ ಮಾತು ಕೇಳಿಬಂದರೆ, ಎಲ್ಲಿಂದ ಎಲ್ಲಿಗೆ ಎಂದು ಬಿಡಿಸಿ ಕೇಳಿರಿ. ವೈದ್ಯರಾದವರು ಕೇಳುವ ಮೊದಲೇ ಬಿಡಿಸಿ ಹೇಳಿರಿ.

ಆ ಮನೆಯ ಸೊಸೆಗೆ ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಮಗುವಿಗೆ ಮೊದಲ ಸೂಜಿ ಬೀಳುವವರೆಗೂ ಮುತ್ತಜ್ಜಿ ಹೆರಿಗೆ ಕೋಣೆಯ ಬಾಗಿಲು ಬಿಟ್ಟು ಕದಲಲಿಲ್ಲವಂತೆ.